ನಿಟ್ಟೆಯ ಮಾಸ್ತರರೂ ಇಟಲಿಯ ಮರುವಾಯಿಯೂ

ಉಡುಪಿ ಜಿಲ್ಲೆಯ ನಿಟ್ಟೆಯಿಂದ ಸಮುದ್ರ ಕಾಣುವುದಿಲ್ಲ, ಕೇಳುತ್ತದೆ. ಬೆಳಗ್ಗೆ ಮೀನಿನ ಗಾಡಿಯ ಹಾರ್ನ್ ಗೇಟಿನ ಹತ್ತಿರ ಬಂದದ್ದೇ ತಡ, ಜಗಲಿಯಲ್ಲಿ ಪೇಪರು ಓದುತ್ತಿದ್ದವರು ಪಾತ್ರೆ ಹಿಡಿದು ಹೊರಡುತ್ತಾರೆ. ಬಂಗುಡೆಯ ಕಿವಿರು ಎತ್ತಿ ಕೆಂಪು ಉಂಟೋ ನೋಡಬೇಕು, ಹೊಟ್ಟೆ ಒತ್ತಿ ಗಟ್ಟಿ ಉಂಟೋ ನೋಡಬೇಕು, ಕ್ರಯ ಕೇಳಿ "ಎಂತ ಮಾರಾಯ, ಬಂಗಾರವಾ?" ಎನ್ನಬೇಕು, ಕೊನೆಗೆ ಕೇಳಿದಷ್ಟೇ ಕೊಟ್ಟು ತರಬೇಕು. ಉಡುಪಿಯ ಹೆಸರನ್ನು ಲೋಕವೆಲ್ಲ ಇಡ್ಲಿ ಸಾಂಬಾರಿಗೆ ಬರೆದುಕೊಟ್ಟಿದೆ, ನಿಜ. ಆದರೆ ಮಠದ ಬೀದಿಯಿಂದ ಮಲ್ಪೆ ಬಂದರು ಎಷ್ಟು ದೂರವೆಂದರೆ, ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಹುಡುಕಿ ಕೊಡುವಷ್ಟರಲ್ಲಿ ಇಳಿಯುವ ಜಾಗ ಬಂದಿರುತ್ತದೆ.

ಇಂಥ ಊರಿನ ನಿವೃತ್ತ ಮಾಸ್ತರರೊಬ್ಬರನ್ನು ಅವರ ಮಗ ಬೆಂಗಳೂರಿನ ದೊಡ್ಡ ಹೋಟೆಲೊಂದರ ಇಟಾಲಿಯನ್ ಊಟಕ್ಕೆ ಕರೆದೊಯ್ದ. ಕರೆದೊಯ್ದದ್ದು ಜುಲೈ ತಿಂಗಳಲ್ಲಿ. ಅಲ್ಲಿಂದಲೇ ತೊಂದರೆ ಶುರುವಾಯಿತು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆಯಲ್ಲಿ ಬೋಟುಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ, ಊರಿನ ಮನೆಗಳಲ್ಲಿ ಒಣ ಸಿಗಡಿ ಚಟ್ನಿಯ ಕಾರುಬಾರು. ಹೀಗಿರುವಾಗ ಬಿಳಿ ಮೇಜುವಸ್ತ್ರದ ಪಕ್ಕ ಬಾಗಿ ನಿಂತ ಹುಡುಗ "ಇವತ್ತಿನ ಫ್ರೆಶ್ ಕ್ಯಾಚ್, ಸರ್" ಎಂದರೆ ಮಾಸ್ತರರು ಸುಮ್ಮನಿರುತ್ತಾರೆಯೇ?

"ಯಾವ ಬಂದರಿನದ್ದು?"

"ವಿಮಾನದಲ್ಲಿ ಬರ್ತದೆ ಸರ್."

"ಕಿವಿರು ನೋಡಬಹುದಾ?"

ಮಗ ಮೆನು ಕಾರ್ಡಿನ ಹಿಂದೆ ಮರೆಯಾದ. ಮಾಸ್ತರರ ಕಿವಿ ಮಾತ್ರ ಆ "ಬರ್ತದೆ"ಯಲ್ಲೇ ನಿಂತಿತ್ತು. ವಿಚಾರಿಸಿದರೆ ಹುಡುಗ ಕಾಪುವಿನವ, ಹೋಟೆಲ್ ಕೆಲಸ ಕಲಿತದ್ದು ಮಣಿಪಾಲದಲ್ಲಿ. ಆಶ್ಚರ್ಯವೇನಿಲ್ಲ. ನ್ಯೂಯಾರ್ಕಿನಲ್ಲಿ ಹೆಸರು ಮಾಡಿದ ವಿಕಾಸ್ ಖನ್ನಾ ಕೂಡ ಮಣಿಪಾಲದ ವೆಲ್‌ಕಂಗ್ರೂಪ್ ಹೋಟೆಲ್ ಶಾಲೆಯಲ್ಲೇ ಕಲಿತವರು. ದೇಶದ ಅದೆಷ್ಟೋ ದೊಡ್ಡ ಹೋಟೆಲುಗಳ ನ್ಯಾಪ್‌ಕಿನ್ನಿನ ಮಡಿಕೆಗೆ ಮಣಿಪಾಲದ ಗಾಳಿ ತಾಗಿದೆ.

ಮೊದಲು ಬಂದದ್ದು ಸ್ಪಾಗೆಟ್ಟಿ ವೋಂಗೊಲೆ. ಮಾಸ್ತರರು ಚಮಚದಲ್ಲಿ ಶಾವಿಗೆ ಸರಿಸಿ ನೋಡಿದರು: ಮರುವಾಯಿ! ನೇಪಲ್ಸಿನ ಕಡೆಯ ಈ ಅಡುಗೆಯಲ್ಲಿ ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಂದಿಷ್ಟು ಬಿಳಿ ವೈನಿನ ಬಿಸಿಗೆ ಚಿಪ್ಪುಗಳು ತಾವಾಗಿಯೇ ಬಾಯಿ ಬಿಡುತ್ತವೆ. ಬಿಡದ ಹಟಮಾರಿಗಳನ್ನು ಎಸೆಯುತ್ತಾರೆ. ಕರಾವಳಿಯ ಅಡುಗೆಮನೆಗೆ ಅಷ್ಟು ತಾಳ್ಮೆಯಿಲ್ಲ. ಮೆಟ್ಟುಕತ್ತಿಯ ಮೇಲೆ ಕೂತು ಚಿಪ್ಪಿನ ಸಂದಿಯನ್ನು ಅಲಗಿಗೆ ಒತ್ತಿ ಸೀಳುವುದು, ಮಾಂಸವನ್ನೆಲ್ಲ ಒಂದೇ ಹೋಳಿಗೆ ಸರಿಸುವುದು, ಖಾಲಿ ಹೋಳನ್ನು ತೆಂಗಿನ ಬುಡಕ್ಕೆಸೆಯುವುದು. ಆಮೇಲೆ ತೆಂಗಿನತುರಿ ಹಾಕಿ ಸುಕ್ಕ. ಬಾಣಲೆಗೆ ಬೀಳುವುದು ಅರ್ಧ ಚಿಪ್ಪು. ಇಟಲಿಯವರು ಎರಡೂ ಹೋಳನ್ನು ಬಡಿಸುತ್ತಾರೆ. ತಟ್ಟೆ ತುಂಬಿದಂತೆ ಕಾಣುವ ಗುಟ್ಟು ಇದೇ ಎಂದು ಮಾಸ್ತರರು ಚಿಪ್ಪು ಎಣಿಸಿ ಸಾಧಿಸಿದರು. ಗಣಿತದ ಮಾಸ್ತರರು, ಬಿಡುವುದುಂಟೇ.

ಎರಡನೆಯದು ಗ್ವಾಜೆಟ್ಟೊ, ಎಂದರೆ ರಸದಲ್ಲಿ ಬೆಂದ ಮೀನು. ಇದಕ್ಕೆ ನಮ್ಮ ಕಡೆಯೊಂದಿಗೆ ಹಳೆಯ ನಂಟುಂಟು. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಶ್ರೀಮಂತ 1623ರಲ್ಲಿ ಗೋವೆಯಿಂದ ಹೊರಟು ಹೊನ್ನಾವರ, ಗೇರುಸೊಪ್ಪೆ ದಾಟಿ ಇಕ್ಕೇರಿಗೆ ಬಂದು ಅಲ್ಲಿನ ದೊರೆ ವೆಂಕಟಪ್ಪ ನಾಯಕನನ್ನು ಕಂಡ. ಮುಂದೆ ಮಂಗಳೂರು, ಉಳ್ಳಾಲ ಸುತ್ತಿದ. ನೇಪಲ್ಸಿನ ವೈದ್ಯಮಿತ್ರನಿಗೆ ಬರೆದ ಪತ್ರಗಳಲ್ಲಿ ಈ ದೇಶದ ಸಾರಿನ ವರ್ಣನೆ ಮಾಡಿದ: ತೆಂಗಿನಕಾಯಿ, ಏಲಕ್ಕಿ, ಶುಂಠಿ, ಇನ್ನೂ ಏನೇನೋ ಮಸಾಲೆ, ಕ್ರೈಸ್ತರಾದರೆ ಮೀನು, ಮಾಂಸ, ಮೊಟ್ಟೆಯನ್ನೂ ಹಾಕುತ್ತಾರೆ, ಎಲ್ಲವನ್ನೂ ಅನ್ನದ ಮೇಲೆ ಸುರಿದು ಉಣ್ಣುತ್ತಾರೆ. ಓದುವ ಮಿತ್ರನಿಗೆ ತಿಳಿಯಲೆಂದು, ನಮ್ಮ ಗ್ವಾಜೆಟ್ಟೊ ಇದ್ದಂತೆ ಎಂದ. ರುಚಿಗೂ ಒಳ್ಳೆಯ ಮಾರ್ಕು ಕೊಟ್ಟ. ನಾಲ್ಕು ಶತಮಾನ ಕಳೆದ ಮೇಲೆ ನಿಟ್ಟೆಯವರೊಬ್ಬರು ಅದೇ ಪರೀಕ್ಷೆಯನ್ನು ತಿರುಗಿಸಿ ಮಾಡಿದರು: ಒಂದು ಗುಟುಕು ಕುಡಿದು, "ಹುಳಿ ಸಾಕಾಗಲಿಲ್ಲ, ಮೀನು ಒಳ್ಳೆದುಂಟು."

ಮುಂದಿದ್ದ ಗ್ವಾಜೆಟ್ಟೊ ಟೊಮೇಟೊದಿಂದ ಕೆಂಪಾಗಿತ್ತು. ಮನೆಯ ಸಾರು ಕೆಂಪಾಗುವುದು ಬ್ಯಾಡಗಿ ಮೆಣಸಿನಿಂದ. ಟೊಮೇಟೊ, ಮೆಣಸು ಎರಡೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದ ಪರದೇಶಿಗಳು. ಈಗ ಇಬ್ಬರ ಮನೆಯಲ್ಲೂ ಯಜಮಾನರು.

ಮಗ ಪಾಸ್ತಾಕ್ಕೆ ಚೀಸ್ ಕೇಳಿದ. ಹುಡುಗ ವಿನಯದಿಂದ ತಲೆಯಾಡಿಸಿದ: ಮೀನು, ಚಿಪ್ಪಿನ ಪಾಸ್ತಾಕ್ಕೆ ಇಟಲಿಯಲ್ಲಿ ಚೀಸ್ ಉದುರಿಸುವುದಿಲ್ಲ. ಮಾಸ್ತರರಿಗೆ ಆ ದೇಶದ ಮೇಲೆ ಅಲ್ಲಿಯವರೆಗೆ ಇಲ್ಲದಿದ್ದ ಗೌರವ ಹುಟ್ಟಿತು. ಮೀನಿನ ಮೇಲೆ ಹಾಲಿನದ್ದು ಹಾಕಬಾರದೆಂದು ಅವರ ಅಜ್ಜಿಯೂ ಹೇಳುತ್ತಿದ್ದರಂತೆ.

ಬೂತಾಯಿ ಮೀನು ಉಂಟೋ ಎಂದು ಮಾಸ್ತರರು ಕೇಳಿದರು. ಆ ದಿನ ಇರಲಿಲ್ಲ. ವೆನಿಸಿನಲ್ಲಾದರೆ ಬೂತಾಯಿಯನ್ನು ಹುರಿದು, ಈರುಳ್ಳಿ ವಿನೆಗರಿನಲ್ಲಿ ಮುಳುಗಿಸಿಟ್ಟು, ಒಂದೆರಡು ದಿನ ಬಿಟ್ಟು ತಿನ್ನುತ್ತಾರೆ ಎಂದ ಹುಡುಗ. ಕಡಲಿಗೆ ಹೋಗುವವರ ಬುತ್ತಿಯಾಗಿದ್ದ ತಿನಿಸು ಅದು. ಮಾಸ್ತರರು ಕುರ್ಚಿಯಲ್ಲಿ ನೆಟ್ಟಗಾದರು.

"ಮತ್ತೆ? ಬೂತಾಯಿ ಪುಳಿಮುಂಚಿ ಮಾರನೇ ದಿನವೇ ರುಚಿ ಅಲ್ಲವಾ!"

"ಹೌದು ಸರ್. ನೀರುದೋಸೆಗೆ."

"ಹಾಗಾದರೆ ಉಳಿದ ಈ ಸಾರನ್ನೂ ಕಟ್ಟಿಕೊಡು, ಮಗಾ."

ಅಷ್ಟು ದೊಡ್ಡ ಹೋಟೆಲಿನಲ್ಲಿ ಮೂರು ಚಮಚ ಸಾರಿಗೆ ಪಾರ್ಸೆಲ್! "ಅಪ್ಪಾ, ಬೇಡ" ಎಂದು ಮಗ ಮೇಜಿನಡಿ ಕಾಲು ಒತ್ತಿದ. ಅಷ್ಟರಲ್ಲಿ ಕಾಪುವಿನ ಹುಡುಗ ಬಟ್ಟಲು ಎತ್ತಿಕೊಂಡು ಅಡುಗೆಮನೆಯ ಕಡೆ ಹೊರಟಾಗಿತ್ತು.