ಕಾರ್ಯದರ್ಶಿಗಳ ಅನುಮಾನ

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ನಿವೃತ್ತರು, ಸಂಘದ ಕಾರ್ಯದರ್ಶಿ, ಕಂಕುಳಲ್ಲಿ ರಿಜಿಸ್ಟರು, ಬಾಯಲ್ಲಿ ‘ಶಿಸ್ತು’. ನಮ್ಮವರ ನೋಟೀಸುಗಳು ಲಿಫ್ಟಿನ ಕನ್ನಡಿಯನ್ನೇ ನುಂಗಿವೆ. ಕಾರ್ಪೊರೇಟರು ಬಂದರೆ ಇವರ ಬೆನ್ನು ತಾನಾಗಿ ಬಾಗುತ್ತದೆ. ವಾಚ್‌ಮನ್ ಎದುರು ಅಷ್ಟೇ ಸಲೀಸಾಗಿ ನೆಟ್ಟಗಾಗುತ್ತದೆ.

ಹಾಗಂತ ಕೆಟ್ಟವರಲ್ಲ. ನಡುರಾತ್ರಿ ನೀರಿನ ಟ್ಯಾಂಕರ್ ಬಂದರೆ ಲುಂಗಿ ಎತ್ತಿಕಟ್ಟಿ ಪೈಪು ಹಿಡಿಯುವವರು ಅವರೊಬ್ಬರೇ. ಖಜಾಂಚಿಯಾದ ನಾನೂ ಸೇರಿ ಉಳಿದವರೆಲ್ಲ ಬೆಳಿಗ್ಗೆ ಎದ್ದು ನೀರಿನ ಬಣ್ಣ ಸರಿಯಿಲ್ಲ ಅನ್ನುವವರು.

ಎರಡನೇ ಮಹಡಿಗೆ ನಾಗಾಲ್ಯಾಂಡಿನ ಮೂವರು ಹುಡುಗಿಯರು ಬಾಡಿಗೆಗೆ ಬಂದರು ನೋಡಿ, ಇವರ ನಿದ್ದೆ ಹಾರಿತು. ಒಂದು ಭಾನುವಾರ ನನ್ನನ್ನು ಆ ಬಾಗಿಲ ಮುಂದೆ ನಿಲ್ಲಿಸಿದರು. “ಎಣಿಸಿ ಸಾರ್. ಮೂವರಿಗೆ ಎಂಟು ಜೊತೆ ಚಪ್ಪಲಿ. ಮಿಕ್ಕ ಐದು ಯಾರದ್ದು?” ನಮ್ಮ ಮನೆಯಲ್ಲಿ ಇಬ್ಬರಿಗೆ ಒಂಬತ್ತಿದೆ ಎಂದೆ. “ನಿಮ್ಮದು ಬೇರೆ ಬಿಡಿ, ನೀವು ಗೊತ್ತಿರೋರು.” ಅಷ್ಟರಲ್ಲಿ ಒಳಗಿಂದ ಅಕುನಿಯ ವಾಸನೆ ಬಂತು. ಸೋಯಾ ಕಾಳು ಬೇಯಿಸಿ ಹುದುಗೆಬ್ಬಿಸಿದ್ದು, ಅಷ್ಟೆ. ಇವರು ಮೂಗಿಗೆ ಕರವಸ್ತ್ರ ಒತ್ತಿ, “ಇದು ಬರೀ ಅಡುಗೆ ಅಲ್ಲ ಸಾರ್” ಎಂದರು. ಮತ್ತೇನು ಎಂದು ಕೇಳುವಷ್ಟರಲ್ಲಿ ಬಾಗಿಲು ತೆರೆಯಿತು. “ಊಟ ಮಾಡ್ತೀರಾ ಅಂಕಲ್?” ಹುಡುಗಿ ಕನ್ನಡದಲ್ಲೇ ಕೇಳಿದಳು. ಮೆಟ್ಟಿಲಿಳಿಯುತ್ತ ಕಾರ್ಯದರ್ಶಿಗಳು ಪಿಸುಗುಟ್ಟಿದರು: “ಕನ್ನಡ ಬೇರೆ ಕಲಿತಿದ್ದಾರೆ. ಯಾಕಿರಬಹುದು?”

1950ರಲ್ಲಿ ಚಿಂತಕ ಅಡಾರ್ನೋ ಮತ್ತು ಸಂಗಡಿಗರು ಅಮೆರಿಕದಲ್ಲಿ ಇಂಥವರ ಸ್ವಭಾವ ಅಳೆಯಲು ‘ಎಫ್’ ಮಾಪಕ ಪ್ರಕಟಿಸಿದರು. ಎಫ್ ಅಂದರೆ ಫ್ಯಾಸಿಸಂ. ಮೇಲಿನವರಿಗೆ ಶರಣು, ಕೆಳಗಿನವರಿಗೆ ಗದರಿಕೆ, ಹೊರಗಿನವರ ಮೇಲೆ ಗುಮಾನಿ, ಎಲ್ಲ ಒಂದೇ ಗೊಂಚಲಿನವು ಎಂಬುದು ಅವರ ವಾದ. ಮಾಪಕವೇ ದೋಷದ್ದೆಂದು ಆಮೇಲಿನ ಪಂಡಿತರು ತಗಾದೆ ತೆಗೆದರು. ಪಾಪ, ನಮ್ಮ ಕಾರ್ಯದರ್ಶಿಗಳನ್ನು ಅವರು ನೋಡಿರಲಿಲ್ಲ.

2012ರ ಆಗಸ್ಟ್‌ನಲ್ಲಿ ಈಶಾನ್ಯದವರ ಮೇಲೆ ದಾಳಿಯಾಗುತ್ತದೆಂಬ ವದಂತಿ ಹಬ್ಬಿ, ಸಾವಿರಾರು ಜನ ಗುವಾಹಟಿಯ ರೈಲುಗಳಿಗೆ ಮುಗಿಬಿದ್ದರು. ನಮ್ಮ ಹುಡುಗಿಯರೂ ಹೋದರು. ಟಿವಿ ಮುಂದೆ ಕೂತ ಇವರು, “ತಪ್ಪು ಮಾಡದವರು ಓಡ್ತಾರಾ ಸಾರ್?” ಎಂದರು. ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸಕೂಡದೆಂದು ಸರ್ಕಾರ ಕೆಲ ದಿನ ಮಿತಿ ಹಾಕಿತ್ತಲ್ಲ, ಆಜ್ಞೆ ಅಂದರೆ ಆಜ್ಞೆ. ಇವರು ತಮ್ಮ ‘ಎಚ್ಚರಿಕೆ’ಗಳನ್ನು ಐದಕ್ಕಿಳಿಸಿ, ಆರಿಸಿ ಆರಿಸಿ ಕಳಿಸಿದರು.

ಹುಡುಗಿಯರು ಮರಳಿ ಬರಲಿಲ್ಲ. ಖಾಲಿ ಮನೆಯ ಮುಂದೆ ಇವರು ಸುಮ್ಮನೆ ಓಡಾಡುತ್ತಿದ್ದರು. ಹೆಂಡತಿ ಇಲ್ಲ, ಮಕ್ಕಳು ದೂರ. ಕಾಯಲಿಕ್ಕೊಂದು ಅಪಾಯವೂ ಇಲ್ಲದಿದ್ದರೆ ಮನುಷ್ಯ ಬೆಳಗೆದ್ದು ಏನು ಮಾಡಬೇಕು ಎನ್ನಿಸಿ ನನಗೇ ಸಂಕಟವಾಯಿತು.

ಕೊನೆಗೆ ಕಲಬುರಗಿಯ ಮುಸ್ಲಿಂ ದಂಪತಿ ಬಂದರು, ಇಬ್ಬರೂ ಮೇಷ್ಟ್ರುಗಳು. ಸದ್ದಿಲ್ಲ, ಗದ್ದಲವಿಲ್ಲ. ಕಾರ್ಯದರ್ಶಿಗಳ ಮುಖಕ್ಕೆ ಕಳೆ ಬಂತು. “ಇಷ್ಟು ಸದ್ದಿಲ್ಲದೆ ಯಾರಾದರೂ ಬದುಕ್ತಾರಾ ಸಾರ್?” ವರ್ಷದ ಮೈಂಟೆನೆನ್ಸ್ ಮುಂಗಡವಾಗಿ ಕಟ್ಟಿದ್ದಾರೆ ಎಂದು ಲೆಕ್ಕದ ಪುಸ್ತಕ ತೋರಿಸಿದೆ. “ಅದೇ ನನ್ನ ಅನುಮಾನ!” ಎಂದರು. ಬಾಕಿದಾರರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಅದರ ಬಗ್ಗೆ ಅವರಿಗೆ ಯಾವ ಅನುಮಾನವೂ ಇರಲಿಲ್ಲ.