ಪಾರಿಜಾತಕ್ಕೊಂದು ಅಂದಾಜುಪಟ್ಟಿ

ಕುಲಗೋಡು ತಮ್ಮಣ್ಣನಿಂದ ರಂಗರೂಪವನ್ನು ಪಡೆದು, ಕೌಜಲಗಿ ನಿಂಗಮ್ಮನಂಥ ಕಲಾವಿದೆಯಿಂದ ಕೀರ್ತಿಯನ್ನಾರ್ಜಿಸಿದ ಶ್ರೀಕೃಷ್ಣ ಪಾರಿಜಾತವೆಂಬ ಸಣ್ಣಾಟವು ಇಂದಿಗೂ ಜನರ ನಾಲಗೆಯ ಮೇಲಿರುವ ಈ ಸೀಮೆಯಲ್ಲಿ, ಬೆಳಗಾವಿ ಜಿಲ್ಲೆಯ ತುಕ್ಕಾನಟ್ಟಿಗೆ ಅನತಿದೂರದ ಒಂದು ಕಲ್ಪಿತ ಪಂಚಾಯತಿಯ ಗ್ರಾಮಸಭೆಗೆ ವೃದ್ಧ ಭಾಗವತರೊಬ್ಬರು ಅರ್ಜಿಯೊಡನೆ ದಯಮಾಡಿಸಿದರು.

“ಸಾಹೇಬ್ರ, ಹುಡುಗರಿಗೆ ಪಾರಿಜಾತ ಕಲಸಾಕ ವರ್ಷದ ಯೋಜನಾದಾಗ ಏನರ ಇಡ್ರಿ.”

“ಅಜ್ಜಾರ, ಕಟ್ಟಿ ಕಟ್ಟಾಕ ರೊಕ್ಕ ಸಿಗತೈತ್ರಿ; ಕುಣಿಯಾಕ ಸಿಗಂಗಿಲ್ಲ. ಕುಣಿತದ ಉದ್ದ-ಅಗಲ ಎಂ.ಬಿ. ಅಂದ್ರ ಅಳತಿ ಪುಸ್ತಕದಾಗ ಹೆಂಗ ಬರಿಯೋದು?”

“ಸಂವಿಧಾನದ 11ನೇ ಅನುಸೂಚಿಯೊಳಗ ಸಾಂಸ್ಕೃತಿಕ ಚಟುವಟಿಕಿ 21ನೇ ಬಾಬ್ತು ಐತಲ್ರೀ?”

“ಐತ್ರಿ. 22ನೇದು ಸಂತಿ-ಜಾತ್ರಿ. ಅದರಿಂದ ಹರಾಜಿನ ರೊಕ್ಕ ಬರತೈತಿ. ಹಿಂಗಾಗಿ ನಾವು 22ರಿಂದನ ಓದತೀವಿ.”

ಅನಂತರ ಕಟ್ಟೆಯೇನೋ ಸಿದ್ಧವಾಯಿತು. ಸದಸ್ಯರ ನಾಮಧೇಯಗಳನ್ನೆಲ್ಲ ಧರಿಸಿದ ಕರಿಗಲ್ಲು ಭಾಗವತರ ಎದೆಮಟ್ಟಕ್ಕಿದ್ದಿತು; ಹಾರ್ಮೋನಿಯಂ ಇಡಲು ಸ್ಥಳವಾಗಲಿ, ದೀಪಕ್ಕೊಂದು ತಂತಿಯಾಗಲಿ, ವೇಷ ಕಟ್ಟಲೊಂದು ಮರೆಯಾಗಲಿ ಇರಲಿಲ್ಲ. ಸದ್ಯಕ್ಕೆ ಅಲ್ಲಿ ಗೋವಿನಜೋಳ ಒಣಗುತ್ತಿದೆ. ಸತ್ಯಭಾಮೆಗಿಂತ ಅದಕ್ಕೆ ಕೋಪ ಕಡಿಮೆ.

ವಾಚಕ ಮಹಾಶಯರೆ, ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ, ಕಲಿಸುವವರ ಗೌರವಧನಕ್ಕೆಂದು ಒಂದು ಸಾಲನ್ನು ಯೋಜನೆಯಲ್ಲಿ ಬರೆಯಿಸಿರಿ. ಠರಾವು ಓದುವವರೆಗೂ ಏಳಬೇಡಿರಿ.