ಕಾಂಪೌಂಡಿನ ಆಚೆ ಒಂದು ಲೋಕೋ ಶೆಡ್ಡು

ರಾಣೆಬೆನ್ನೂರಿನಲ್ಲಿ ಲೇಥ್ ಇಟ್ಟವರಿಗೇನು ಬರಗಾಲವೇ? ಟ್ರ್ಯಾಕ್ಟರಿನ ಪಿನ್ನು, ಪಂಪಿನ ಶಾಫ್ಟು, ಬುಶ್ಶು ಅಂತ ಆಯುಷ್ಯವೆಲ್ಲ ಕಬ್ಬಿಣ ಕಡೆದು, ಕಡೆಗೊಮ್ಮೆ ಅಂಗಡಿಯನ್ನು ಮಗನ ಕೈಗೆ ಕೊಟ್ಟು ಗುಡಿ ಕಟ್ಟೆ ಹಿಡಿಯುತ್ತಾರೆ. ನಮ್ಮ ಕಾಂಪೌಂಡಿನ ಆಚೆಯ ಕಾಕಾ ಮಾತ್ರ ಕಟ್ಟೆ ಕಡೆ ಹಾಯಲೇ ಇಲ್ಲ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಹಳೇ ಲೇಥ್ ನಿಲ್ಲಿಸಿಕೊಂಡು ಉಗಿಬಂಡಿ ಎಂಜಿನ್ ಕಟ್ಟುತ್ತಿದ್ದಾರೆ. ಶೋಕೇಸಿನ ಆಟಿಗೆ ಸಾಮಾನಲ್ಲ ಮತ್ತೆ. ಕಲ್ಲಿದ್ದಲು ಉರಿಸಿ, ನೀರು ಕುದಿಸಿ, ಬೆನ್ನಹಿಂದೆ ಮನುಷ್ಯರನ್ನು ಕೂರಿಸಿಕೊಂಡು ಎಳೆಯುವಂಥದ್ದು.

ಯಾವ ಎಂಜಿನ್ ಅಂತ ಕೇಳಲೇಬೇಕಿಲ್ಲ. ವೈಪಿ. ಹಾವೇರಿ, ಬ್ಯಾಡಗಿ ಕಡೆಯ ಹಿರಿಯರಿಗೆ ಹೆಸರು ಗೊತ್ತಿಲ್ಲದಿದ್ದರೂ ಅದರ ಮೋರೆ ಗೊತ್ತು. 1876-78ರ ಬರಗಾಲದ ಪೆಟ್ಟು ತಿಂದ ಮೇಲೆ ಸದರ್ನ್ ಮರಾಠಾ ರೇಲ್ವೆಯವರು ಈ ಸೀಮೆಗೆ ಹಾಕಿದ್ದು ಮೀಟರ್ ಗೇಜ್ ಹಳಿ, ಅಂದರೆ ಹಳಿಯಿಂದ ಹಳಿಗೆ ಸರಿಯಾಗಿ ಒಂದು ಮೀಟರು. ತೊಂಬತ್ತರ ದಶಕದಲ್ಲಿ ಬ್ರಾಡ್ ಗೇಜ್ ಬಂದು ಅದನ್ನೆಲ್ಲ ಕಿತ್ತುಹಾಕಿದರು. ವೈಪಿ ಎಳೆಯುತ್ತಿದ್ದ ಆ ಮೀಟರ್ ಗೇಜ್ ಗಾಡಿಯಲ್ಲಿ ಕಿಟಕಿ ಹಿಡಿದು ಕೂತವರ ಗತಿ ನೆನಪಿದೆಯಲ್ಲ? ಕಣ್ಣಿಗೆ ಇದ್ದಿಲ ಕಿಡಿ, ಬಿಳಿ ಅಂಗಿಗೆ ಮಸಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲದವರು ಹತ್ತಿದರೋ, ಡಬ್ಬಿಗೆ ಡಬ್ಬಿಯೇ ಸೀನುವುದು. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದೇ ಹೊರತು ಖಾರಕ್ಕಲ್ಲ ಅಂತಾರೆ. ಇರಬಹುದು, ಆದರೆ ಮೂಗಿಗೆ ಆ ಮಾತು ಯಾರೂ ಹೇಳಿರಲಿಲ್ಲ ನೋಡಿ.

ಇರಲಿ, ಎಲ್ಲಿದ್ದೆ? ಹಾಂ, ಅಳತೆ. ಕಾಕಾ ಹಾಕುವ ಹಳಿ ಐದು ಇಂಚಿನದು, 127 ಮಿಲಿಮೀಟರು. ಸಾವಿರವನ್ನು 127ರಿಂದ ಭಾಗಿಸಿದರೆ ಹತ್ತತ್ತಿರ ಎಂಟು. ವೈಪಿಯ ದೊಡ್ಡ ಗಾಲಿ 1372 ಮಿಲಿಮೀಟರ್ ಇದ್ದದ್ದು ಇಲ್ಲಿ 174 ಆಗುತ್ತದೆ. ಈ ಲೆಕ್ಕವನ್ನೆಲ್ಲ ಶೆಡ್ಡಿನ ಬಾಗಿಲ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿಟ್ಟಿದ್ದಾರೆ. ಅದರ ಪಕ್ಕದಲ್ಲೇ ಹಾಲಿನವನ ಲೆಕ್ಕವೂ ಇದೆ. ಒಮ್ಮೆ ಎರಡೂ ಕಲಸಿಕೊಂಡು ಹಾಲಿನವನು ತಲೆ ಕೆರೆದುಕೊಂಡು ನಿಂತಿದ್ದ.

ಎಂಟರಲ್ಲಿ ಒಂದು ಪಾಲು ಅಂದರೆ ಕೆಲಸವೂ ಎಂಟರಲ್ಲಿ ಒಂದು ಪಾಲೇ ಅಂತ ನಾನೂ ಅಂದುಕೊಂಡಿದ್ದೆ. ಕಾಕಾ ನಕ್ಕರು. “ತಮ್ಮಾ, ಉದ್ದ ಎಂಟರಾಗ ಒಂದು. ತಗಡು ಅರವತ್ನಾಲ್ಕರಾಗ ಒಂದು. ಹೊಟ್ಟ್ಯಾಗ ಹಿಡಿಯೋ ನೀರು ಐನೂರಾ ಹನ್ನೆರಡರಾಗ ಒಂದು. ಬೆಂಕಿಗೆ ಈ ಲೆಕ್ಕ ಯಾರ ಹೇಳ್ಯಾರ?” ಅದೂ ಖರೇನೇ. ನೀರು ಅಷ್ಟು ಕಮ್ಮಿಯಾಗಿ ಮೈ ಅಷ್ಟು ಉಳಿದರೆ ಕಾವು ಬೇಗ ಸೋರುತ್ತದೆ. ಹೊಗೆ ಹಾಯುವ ಕೊಳವೆಗಳನ್ನು ಲೆಕ್ಕದಂತೆ ಸಣ್ಣ ಮಾಡಿದರೆ ಬೂದಿ ಕಟ್ಟಿ ಬೆಂಕಿಯೇ ಸತ್ತುಹೋಗುತ್ತದೆ. ಅದಕ್ಕೇ ಕೊಳವೆ ಕಡಿಮೆ, ಆದರೆ ಅಗಲ. ಹೊರಗೆ ನೋಡಿದರೆ ವೈಪಿ, ಒಳಗೆ ಕಾಕಾನ ಸ್ವಂತ ಸಂಸಾರ.

ಇದೇ ವಿಷಯಕ್ಕೆ ಇಂಗ್ಲೆಂಡಿನಲ್ಲಿ ದೊಡ್ಡ ಜಗಳವೇ ಆಗಿತ್ತಂತೆ, 1920ರ ದಶಕದಲ್ಲಿ. ಇಷ್ಟು ಸಣ್ಣ ಎಂಜಿನ್ನಿಗೆ ಸ್ಪಿರಿಟ್ ದೀಪವೇ ಸೈ, ಕಲ್ಲಿದ್ದಲು ಉರಿಯುವುದಿಲ್ಲ ಅಂತ ಬಲ್ಲವರ ವಾದ. ಲಾರೆನ್ಸ್ ಎಂಬೊಬ್ಬ, ತಾನು ಕೆಲಸ ಮಾಡಿದ್ದ ರೇಲ್ವೆಯ ಹೆಸರಿನ ಮೊದಲಕ್ಷರಗಳನ್ನೇ ಕಾವ್ಯನಾಮ ಮಾಡಿಕೊಂಡು ಎಲ್‌ಬಿಎಸ್‌ಸಿ ಅಂತ ಬರೆಯುತ್ತಿದ್ದವನು, ಎರಡೂವರೆ ಇಂಚಿನ ಹಳಿ ಮೇಲೆ ‘ಆಯೇಷಾ’ ಎಂಬ ಎಂಜಿನ್ನಿಗೆ ಕಲ್ಲಿದ್ದಲು ಹಾಕಿ, ಆಳು ಕೂತ ಬಂಡಿ ಎಳೆಸಿ ತೋರಿಸಿದ. ಆಮೇಲೆ ದಶಕಗಳ ಕಾಲ ‘ಮಾಡೆಲ್ ಎಂಜಿನಿಯರ್’ ಪತ್ರಿಕೆಯಲ್ಲಿ ಮನೆಯಲ್ಲೇ ಎಂಜಿನ್ ಕಟ್ಟೋದು ಹೇಗೆ ಅಂತ ಹೇಳಿಕೊಟ್ಟ. ಎರಡೂವರೆ ಇಂಚಿನ ಹಳಿಗೆ ಹೊಡೆದಾಟ! ನಮ್ಮಲ್ಲಿ ಬದುವಿಗೆ ಆಗುತ್ತದಪ್ಪ, ಅದಾದರೂ ಇದಕ್ಕಿಂತ ಅಗಲ, ಅಲ್ವಾ?

ನಮ್ಮ ಶೆಡ್ಡಿನಲ್ಲಿ ಆಟ ಕಟ್ಟಿದ್ದು ಮಾತ್ರ ಬಾಯ್ಲರು. ಅದು ತಾಮ್ರದ್ದು. ಕಬ್ಬಿಣವಾದರೆ ಕಾಕಾ ಹೇಳಿದಂತೆ ಕೇಳುತ್ತದೆ, ತಾಮ್ರದ ಬೆಸುಗೆ ಅಂದಾಗ ಅವರ ಕೈ ನಿಂತಿತು. ತವರದ ಬೆಸುಗೆ ನಡೆಯುವುದಿಲ್ಲ. 80 ಪೌಂಡ್ ಒತ್ತಡದ ಉಗಿಯೇ 160 ಡಿಗ್ರಿ ದಾಟಿರುತ್ತದೆ, ಪಕ್ಕದಲ್ಲಿ ಬೆಂಕಿ ಬೇರೆ. ಬೆಳ್ಳಿ ಬೆಸುಗೆಯೇ ಆಗಬೇಕು, ಅದು ಕರಗಲಿಕ್ಕೆ 600 ಡಿಗ್ರಿಯ ಮೇಲೆ ಹೋಗಬೇಕು. ಹಾಗಾಗಿ ಹಾವೇರಿಯಿಂದ ಒಬ್ಬ ಪತ್ತಾರರು ಬಂದರು. ಜನ್ಮವೆಲ್ಲ ತಾಳಿ, ಬುಗುಡಿ ಬೆಸೆದವರು. ತೊಡೆಗಾತ್ರದ ತಾಮ್ರದ ಕೊಳವೆ ನೋಡಿ, “ಇದನ್ನ ಯಾರ ಕೊರಳಿಗೆ ಹಾಕೋರ್ರಿ?” ಅಂದರು.

ಆದರೆ ಕೆಲಸಕ್ಕೆ ಕೂತಾಗ ನೋಡಬೇಕಿತ್ತು. ಬಿಳಿಗಾರ ಅರೆದು ಸಂದಿಗೆಲ್ಲ ಬಳಿದು, ಸುತ್ತ ಇಟ್ಟಿಗೆ ಒಟ್ಟಿ, ಎರಡು ಕಡೆಯಿಂದ ಗ್ಯಾಸಿನ ಉರಿ. ಒಂದು ಕಡೆ ಕಾಯ್ದರೆ ಇನ್ನೊಂದು ಕಡೆ ಆರುತ್ತದೆ, ತಾಮ್ರದ ಗುಣವೇ ಹಾಗೆ. ಬಿಳಿಗಾರ ಉಬ್ಬಿ, ಇಳಿದು, ಕರಗಿ ತಿಳಿಯಾಯಿತು. ಮೈಯೆಲ್ಲ ಕೆಂಪೇರಿದಾಗ ಪತ್ತಾರರು ಬೆಳ್ಳಿ ತಂತಿ ಮುಟ್ಟಿಸಿದರು. ಸರ್ರನೆ ಸಂದಿ ತುಂಬ ಸುತ್ತಿ ಬಂತು. ಆಮೇಲೆ ಪರೀಕ್ಷೆ. ಗಾಳಿ ಒಂದಿಷ್ಟೂ ಉಳಿಯದಂತೆ ನೀರು ತುಂಬಿ, ಕೈಪಂಪಿನಲ್ಲಿ ಎರಡು ಪಟ್ಟು, ಅಂದರೆ 160 ಪೌಂಡ್ ಒತ್ತಡ. ನೀರಾದರೆ ಒಡೆದರೂ ಪಿಚಕ್ಕನೆ ಚಿಮ್ಮಿ ನಿಲ್ಲುತ್ತದೆ, ಗಾಳಿಯಾದರೆ ತಗಡೇ ಹಾರುತ್ತದೆ. ಮುಳ್ಳು ಅಲ್ಲಾಡಲಿಲ್ಲ. ಪತ್ತಾರರು ಮಜೂರಿ ತಗೊಳ್ಳಲಿಲ್ಲ, ಮೊದಲ ಸವಾರಿ ನನ್ನದು ಅಂತ ಬರೆಸಿಕೊಂಡು ಹೋದರು.

ಉರಿ ಹಚ್ಚುವುದಕ್ಕೆ ಇಸ್ತ್ರಿಯವನ ಇದ್ದಿಲು ಸೀಮೆಎಣ್ಣೆಯಲ್ಲಿ ನೆನೆಹಾಕಬೇಕಂತೆ. ಈಗ ಸೀಮೆಎಣ್ಣೆ ಹುಡುಕುವುದೇ ಬಾಯ್ಲರ್ ಕಟ್ಟಿದಷ್ಟು ಕೆಲಸ. ಬೋರಿನ ನೀರು ಹಾಕಿದರೆ ಒಳಗೆಲ್ಲ ಸುಣ್ಣ ಕಟ್ಟುತ್ತದೆ. ಹಾಗಂತ ಅಡಿಗೆಮನೆಯ ಫಿಲ್ಟರ್ ನೀರಿಗೆ ಕಾಕು ಕೈ ಹಚ್ಚಲು ಬಿಡುವುದಿಲ್ಲ. ಮಳೆನೀರಿಗೆ ಡ್ರಮ್ಮು ಇಟ್ಟಾಗಿದೆ.

ಇನ್ನು ಸೀಟಿ. ಎಂಟರಲ್ಲಿ ಒಂದು ಪಾಲಿನ ಸೀಟಿ ಮಾಡಿದರೆ ಅದು ಕೂಗುವುದಿಲ್ಲ, ಕೀರುತ್ತದೆ. ಬಲ್ಲವರ ಉಪಾಯ ಏನಂದರೆ, ಮೇಲೆ ತೋರಿಕೆಗೊಂದು ಪುಟ್ಟ ಸೀಟಿ, ಕೂಗುವ ಉದ್ದದ ಕೊಳವೆ ಕೆಳಗೆ ಕಾಣದ ಹಾಗೆ. ಕಾಕಾ ಅದನ್ನೂ ಮಾಡಿ, ಮೊನ್ನೆ ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ ಹೊತ್ತಿಗೆ ಮಗನ ಅಂಗಡಿಯ ಕಂಪ್ರೆಸರ್ ತಂದು ಗಾಳಿ ಬಿಟ್ಟರು. ಓಣಿಯೆಲ್ಲ ಎದ್ದು ಕೂತಿತು. ಅಡಿಗೆಮನೆ ಕಿಟಕಿಯಿಂದ ಕಾಕು ಕೂಗಿದರು: “ಹುಬ್ಬಳ್ಳಿ ಗಾಡಿ ಬಂತೇನ್ರಿ? ಹಂಗಾದ್ರ ಹೋಗಿ ಒಂದ್ ಕಿಲೋ ಬದನೀಕಾಯಿ ತರ್ರಿ!”